ಸಿಂಹಧ್ವಜದ ಜಾಡಿನಲ್ಲಿ: ಕೊಲಂಬೊದಿಂದ ಮಟ್ಟಕ್ಕಳಪ್ಪಿನವರೆಗೆ

ಮೊದಲ ದಿನ: ಕೊಲಂಬೊ

ಫೆಬ್ರವರಿ 4 ಶ್ರೀಲಂಕಾದ ಸ್ವಾತಂತ್ರ್ಯ ದಿನ. ಅಲ್ಲಿನ ಸಿಂಹದ ಬಾವುಟವನ್ನು ನೋಡಲೆಂದೇ ಲಂಕೆಗೆ ಹೋಗುವವರು ಜನವರಿಯ ಕೊನೆಯ ವಾರ ಹಿಡಿಯಬೇಕು. ಬೆಂಗಳೂರಿನಿಂದ ನೇರ ವಿಮಾನವಿದೆ. ಇಟಿಎ (ಪ್ರವೇಶ ಅನುಮತಿ) ಆನ್‌ಲೈನ್‌ನಲ್ಲೇ ಮಾಡಿಕೊಂಡು ಹೊರಟರೆ ಮುಗಿಯಿತು. ಪಾಸ್‌ಪೋರ್ಟನ್ನು ಮಾತ್ರ ಹೋಟೆಲ್ ಕೋಣೆಯಲ್ಲಿ ಬಿಡದೆ ಜೇಬಿನಲ್ಲೇ ಇಟ್ಟುಕೊಳ್ಳಿ. ಹಳೆಯ ರಾಜಧಾನಿಗಳ ಟಿಕೆಟ್ ಕೌಂಟರ್‌ಗಳಲ್ಲಿ ಸಾರ್ಕ್ ದೇಶದವರಿಗೆ ರಿಯಾಯಿತಿ ಇದೆ, ಆದರೆ ಮೂಲ ಪಾಸ್‌ಪೋರ್ಟ್ ಕೇಳುತ್ತಾರೆ, ಮೊಬೈಲಿನಲ್ಲಿರುವ ಫೋಟೊ ಒಪ್ಪುವುದಿಲ್ಲ.

ಕಟುನಾಯಕ ವಿಮಾನ ನಿಲ್ದಾಣದಿಂದ ಊರಿಗೆ ಬರುವಾಗ ಕಾಣುವ ಬಾವುಟಗಳೆಲ್ಲ ದೇಶದವಲ್ಲ. ನೀಲಿ, ಹಳದಿ, ಕೆಂಪು, ಬಿಳಿ, ಕಿತ್ತಳೆ ಬಣ್ಣದ ಪಟ್ಟಿಗಳು ಉದ್ದುದ್ದ ನಿಂತು, ಆರನೆಯದರಲ್ಲಿ ಅದೇ ಐದು ಬಣ್ಣಗಳು ಅಡ್ಡಡ್ಡ ಕೂತಿದ್ದರೆ ಅದು ಬೌದ್ಧ ಧ್ವಜ. ಅದೂ ಕೊಲಂಬೊದಲ್ಲೇ ಹುಟ್ಟಿದ್ದು, 1885ರ ವೈಶಾಖ ಹುಣ್ಣಿಮೆಗೆ ಮೊದಲ ಸಲ ಹಾರಿತು. ವಿಹಾರಗಳ ಮುಂದೆ ವರ್ಷವಿಡೀ ತೋರಣದಂತೆ ಕಟ್ಟಿರುತ್ತಾರೆ. ಹೊಸಬರು ಇದನ್ನೇ ರಾಷ್ಟ್ರಧ್ವಜ ಅಂದುಕೊಳ್ಳುವುದುಂಟು.

ದೇಶದ ಬಾವುಟ ತಯಾರಾಗುವುದನ್ನು ನೋಡಬೇಕೆಂದರೆ ಪೆಟ್ಟಾ ಪೇಟೆಯ ಸಂದಿಗಳಿಗೆ ಹೋಗಬೇಕು. ಎರಡನೇ ಅಡ್ಡರಸ್ತೆಯ ಬಟ್ಟೆ ಅಂಗಡಿಗಳ ಹಿಂದೆ, ಮಹಡಿ ಮೆಟ್ಟಿಲಿನ ಕೆಳಗೆ, ಒಂದು ಸ್ಕ್ರೀನ್ ಪ್ರಿಂಟಿಂಗ್ ಮೇಜು. ಯಜಮಾನರು ವಯಸ್ಸಾದ ಮುಸ್ಲಿಂ. ಅಲ್ಲಿ ಅವರನ್ನು ಎಲ್ಲರೂ 'ನಾನಾ' (ಅಣ್ಣ) ಅಂತಲೇ ಕರೆಯುವುದು. ಅರೆಬರೆ ತಮಿಳಿನಲ್ಲಿ ಮಾತಾಡಿಸಿದರೂ ಸಾಕು, "ಬಾ ತಂಬಿ, ನಿಂತು ನೋಡು, ಬಟ್ಟೆ ಮಾತ್ರ ಮುಟ್ಟಬೇಡ" ಅಂದು ಕೆಲಸ ಮುಂದುವರಿಸಿದರು.

ಮೇಜಿನ ಮೇಲೆ ಹಾಸಿದ್ದು ಬರೀ ಹಳದಿ ಬಟ್ಟೆ. ಸಿಂಹಕ್ಕಾಗಲಿ, ಮೂಲೆಯ ಅರಳಿ ಎಲೆಗಳಿಗಾಗಲಿ, ಸುತ್ತಲಿನ ಅಂಚಿಗಾಗಲಿ ಬಣ್ಣ ಹಾಕುವುದಿಲ್ಲ. ಅವು ಬಟ್ಟೆಯ ಹಳದಿಯೇ. ಸಿಂಹದ ಸುತ್ತಲಿನ ಜಾಗವನ್ನಷ್ಟೇ ಮೆರೂನ್ ಬಣ್ಣದಲ್ಲಿ ಒತ್ತುತ್ತಾರೆ. ಕೇಸರದ ಗುಂಗುರು, ಕಣ್ಣು, ಉಗುರು, ಕತ್ತಿಯ ಹಿಡಿಯ ಗೆರೆಗಳೂ ಅದೇ ಒತ್ತಿನಲ್ಲಿ ಮೂಡುತ್ತವೆ. ಎರಡನೆಯ ಸ್ಕ್ರೀನ್‌ನಲ್ಲಿ ಕಂಬದ ಬದಿಗೆ ಹಸಿರು ಪಟ್ಟಿ, ಮೂರನೆಯದರಲ್ಲಿ ಅದರ ಪಕ್ಕಕ್ಕೆ ಕಿತ್ತಳೆ. ಮೂರು ಒತ್ತಿಗೆ ಬಾವುಟ ಸಿದ್ಧ.

ಕೆಡುವುದು ಎಲ್ಲಿ ಎಂಬುದನ್ನೂ ನಾನಾ ಮೂಲೆಯಲ್ಲಿ ಬಿದ್ದಿದ್ದ ರದ್ದಿ ರಾಶಿಯಿಂದ ಒಂದೊಂದೇ ಎಳೆದು ತೋರಿಸಿದರು. ಹಸಿರು–ಕಿತ್ತಳೆ ಪಟ್ಟಿಗಳು ಒಂದಕ್ಕೊಂದು ಅಂಟಿ ಇರಬೇಕು. ಸ್ಕ್ರೀನ್ ಒಂದು ನೂಲಿನಷ್ಟು ಸರಿದರೂ ನಡುವೆ ಹಳದಿ ಗೆರೆ ಇಣುಕುತ್ತದೆ. ಹತ್ತಿ ಬಟ್ಟೆಯಾದರೆ ಒತ್ತಿದ ಬಣ್ಣವನ್ನು ಬಿಸಿಗೆ ಹಿಡಿದು ಚೆನ್ನಾಗಿ ಕಾಯಿಸಬೇಕು. ಆತುರಪಟ್ಟರೆ ಮೊದಲ ಮಳೆಗೇ ಮೆರೂನ್ ಹರಿದು ಅಂಚಿನ ಹಳದಿಯನ್ನು ಗುಲಾಬಿ ಮಾಡುತ್ತದೆ. ಮೂರನೆಯದು ಅಳತೆ. ಬಾವುಟ ಒಂದಕ್ಕೆ ಎರಡರ ಲೆಕ್ಕ. ಮೂರಡಿ ಎತ್ತರವಿದ್ದರೆ ಆರಡಿ ಉದ್ದ. ಮಡಚಿ ಹೊಲಿಯುವುದಕ್ಕೆ ಬೇಕಾದ ಬಟ್ಟೆಯನ್ನು ಈ ಅಳತೆಯ ಹೊರಗೆ ಬಿಟ್ಟುಕೊಳ್ಳದಿದ್ದರೆ ಹೊಲಿಗೆ ಹಳದಿ ಅಂಚನ್ನೇ ತಿನ್ನುತ್ತದೆ, ಸಿಂಹ ಚೌಕಟ್ಟಿಗೆ ತಾಗಿಕೊಂಡು ನಿಲ್ಲುತ್ತದೆ. ಗಾಳಿಗೆ ಹಾರುವ ತುದಿಗೆ ಎರಡು ಸಾಲು ಹೊಲಿಗೆ ಹಾಕುತ್ತಾರೆ, ಏಕೆಂದರೆ ಬಾವುಟ ಹರಿಯಲು ಶುರುವಾಗುವುದೇ ಅಲ್ಲಿಂದ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ತ್ರಿವರ್ಣ ಹೊಲಿಯುವುದನ್ನು ನೋಡಿದವರಿಗೆ ಈ ಎಚ್ಚರಿಕೆಗಳು ಹೊಸದೇನಲ್ಲ. ಅಲ್ಲಿ ಚಕ್ರ ಎರಡೂ ಬದಿ ಒಂದರ ಮೇಲೊಂದು ಕೂರಬೇಕು. ಇಲ್ಲಿ ಸಿಂಹ ಎರಡೂ ಬದಿಯಿಂದ ಕಂಬದ ಕಡೆಗೇ ಮುಖ ಮಾಡಿರಬೇಕು. ಬಲ ಮುಂಗಾಲಿನಲ್ಲಿ ನೆಟ್ಟಗೆ ಹಿಡಿದ ಕತ್ತಿ ಅದರದು. ಬೀದಿಯಲ್ಲಿ ಮಾರುವ ಕಾಗದದ ಬಾವುಟ ಕೊಳ್ಳುವಾಗ ಮೊದಲು ನೋಡಬೇಕಾದ್ದು ಇದನ್ನೇ. ಕಡ್ಡಿಯನ್ನು ತಪ್ಪು ಬದಿಗೆ ಅಂಟಿಸಿದ್ದರೆ ಪಟ್ಟಿಗಳು ಹಿಂದಕ್ಕೆ ಹೋಗಿ, ಸಿಂಹ ಕಂಬಕ್ಕೆ ಬೆನ್ನು ತೋರಿಸಿ ಓಡುತ್ತಿರುವಂತೆ ಕಾಣುತ್ತದೆ.

ಆ ಕತ್ತಿಗೆ ಕಸ್ತಾನೆ ಎಂದು ಹೆಸರು. ಕೊಲಂಬೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ನಿಜವಾದ ಕಸ್ತಾನೆಗಳಿವೆ. ಗಿಡ್ಡ ಬಾಗು ಅಲಗು, ಹಿಡಿಯ ತುದಿಯಲ್ಲಿ ಬಾಯ್ದೆರೆದ ಸಿಂಹದ ತಲೆ, ಬೆರಳು ಕಾಯುವ ಪಟ್ಟಿಯ ತುದಿಗಳಲ್ಲಿ ಮಕರದ ಮುಖಗಳು. ಕಾದಾಟಕ್ಕಿಂತ ಪದವಿ ತೋರಿಸಲು ಸೊಂಟಕ್ಕೆ ಕಟ್ಟುತ್ತಿದ್ದ ಕತ್ತಿ ಇದು. ಅದೇ ಕಟ್ಟಡದಲ್ಲಿ ಕ್ಯಾಂಡಿ ಅರಸರ ಸಿಂಹಾಸನವೂ ಇದೆ. 1693ರಲ್ಲಿ ಡಚ್ ಗವರ್ನರ್ ಥಾಮಸ್ ವಾನ್ ರೀ, ಎರಡನೇ ವಿಮಲಧರ್ಮಸೂರ್ಯನಿಗೆ ಕೊಟ್ಟ ಉಡುಗೊರೆ. 1815ರಲ್ಲಿ ಬ್ರಿಟಿಷರು ಹೊತ್ತೊಯ್ದು ವಿಂಡ್ಸರ್ ಅರಮನೆಯಲ್ಲಿಟ್ಟಿದ್ದರು, 1934ರಲ್ಲಿ ಹಿಂದಿರುಗಿಸಿದರು. ಮಧ್ಯಾಹ್ನದ ಸೆಕೆಯಲ್ಲಿ ಆ ಕೋಣೆ ಬಿಟ್ಟು ಹೊರಬರಲು ಯಾರಿಗೂ ಮನಸ್ಸಾಗುವುದಿಲ್ಲ, ಹಾಗಾಗಿ ಸಿಂಹಾಸನದ ಮುಂದೆ ಜನ ತುಂಬಿರುತ್ತಾರೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಹಿಡಿ ಕೆತ್ತನೆಯವರೆಗೂ ಬಗ್ಗಿ ನೋಡಬಹುದು.

ಸಂಜೆ ಗಾಲ್ ಫೇಸ್ ಮೈದಾನ. ಸಮುದ್ರಕ್ಕೆ ಎದುರಾಗಿ ನಿಂತ ಎತ್ತರದ ಕಂಬದಿಂದ ಆರು ಗಂಟೆಗೆ ಸೈನಿಕರು ಬಾವುಟ ಇಳಿಸುತ್ತಾರೆ. ಅರ್ಧ ಗಂಟೆ ಮೊದಲೇ ಹೋಗಿ ಕಡಲಿನ ಕಡೆಯ ಕಟ್ಟೆಯ ಮೇಲೆ ಜಾಗ ಹಿಡಿಯಿರಿ, ಅಲ್ಲಿಂದ ಗಾಳಿಗೆ ಬಾವುಟ ಪೂರ್ತಿ ಬಿಚ್ಚಿಕೊಂಡು ಕಾಣುತ್ತದೆ. ಅಷ್ಟು ದೊಡ್ಡ ಬಟ್ಟೆಯನ್ನು ಕಡಲ ಗಾಳಿಯಲ್ಲಿ ನೆಲಕ್ಕೆ ತಾಗದಂತೆ ಇಳಿಸಿ ಮಡಚುವುದು ಸುಲಭವಲ್ಲ. ಕೆಳಗಿನವರು ಹಾರುವ ತುದಿಯನ್ನು ಮೊದಲು ಹಿಡಿದುಕೊಂಡ ಮೇಲೆಯೇ ಮೇಲಿನ ಹಗ್ಗ ಸಡಿಲವಾಗುತ್ತದೆ. ಆಮೇಲೆ ಗಾಡಿಗಳಲ್ಲಿ ಬಿಸಿಬಿಸಿ ವಡೆ. ಮೇಲೆ ಇಡೀ ಸೀಗಡಿ ಕೂರಿಸಿದ ಇಸ್ಸೊ ವಡೆಗೆ ಈ ಮೈದಾನ ಹೆಸರುವಾಸಿ. ಮೀನು ಮುಟ್ಟದವರಿಗೆ ಬೇಳೆ ವಡೆ ಇದೆ, ಆದರೆ ಎರಡನ್ನೂ ಒಂದೇ ಎಣ್ಣೆಯಲ್ಲಿ ಕರಿಯುತ್ತಾರೆ. ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಎರಡನೆಯ ದಿನ: ಕ್ಯಾಂಡಿ

ಕ್ಯಾಂಡಿಗೆ ರೈಲಿನಲ್ಲಿ ಹೋಗುವುದು ಚಂದ, ಆದರೆ ರಸ್ತೆಯಲ್ಲಿ ಹೋದರೆ ನಿಲ್ಲಲು ಜಾಗಗಳಿವೆ. ಕಜುಗಮದಲ್ಲಿ ರಸ್ತೆಬದಿಯ ಹೆಂಗಸರು ಗೋಡಂಬಿ ಮಾರುತ್ತಾರೆ. ಉಪ್ಪು–ಖಾರ ಹಚ್ಚಿದ್ದಕ್ಕಿಂತ ಬರೀ ಹುರಿದದ್ದೇ ರುಚಿ. ಕಡುಗನ್ನಾವದ ಘಾಟಿ ಹತ್ತುವಾಗ ಮೋಡ ಕವಿದು ಸಣ್ಣ ಮಳೆ ಹಿಡಿಯಿತು. ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತು ಮುಕ್ಕಾಲು ಗಂಟೆ ವಾಹನಗಳು ಅಲುಗಾಡಲಿಲ್ಲ. ಎಳನೀರಿನವನಿಗೆ ಒಳ್ಳೆಯ ವ್ಯಾಪಾರ. ಇಲ್ಲಿನ ತಂಬಿಲಿ ಎಳನೀರು ಕಿತ್ತಳೆ ಬಣ್ಣದ್ದು, ನಮ್ಮದಕ್ಕಿಂತ ಸಿಹಿ ಕಡಿಮೆ, ನೀರು ಹೆಚ್ಚು.

ಬುದ್ಧನ ಹಲ್ಲನ್ನು ಇಟ್ಟಿರುವ ದಂತ ದೇವಾಲಯಕ್ಕೆ ಮಂಡಿ ಮುಚ್ಚುವ ಬಟ್ಟೆ ಕಡ್ಡಾಯ. ಚಡ್ಡಿಯಲ್ಲಿ ಬಂದವರನ್ನು ಬಾಗಿಲಲ್ಲೇ ತಡೆದು, ಪಕ್ಕದ ಅಂಗಡಿಯ ಸಾರಂಗ್ ತೋರಿಸುತ್ತಾರೆ. ಊರಲ್ಲಿ ಕೊಂಡರೆ ಅರ್ಧ ಬೆಲೆ. ದೇವಾಲಯದ ಬದಿಯಲ್ಲೇ ಇರುವ ಮಗುಲ್ ಮಡುವವನ್ನು ಬಹಳ ಮಂದಿ ನೋಡದೆ ದಾಟಿ ಹೋಗುತ್ತಾರೆ. ಗೋಡೆಗಳಿಲ್ಲದ, ಕೆತ್ತಿದ ಮರದ ಕಂಬಗಳ ಮೇಲೆ ನಿಂತ ರಾಜಸಭೆ. ಈ ಬಾವುಟದ ಕಥೆ ತಿರುವು ತೆಗೆದುಕೊಂಡದ್ದು ಇಲ್ಲಿ. 1815ರ ಮಾರ್ಚ್ 2ರಂದು ಕ್ಯಾಂಡಿಯ ಮುಖಂಡರು ಈ ಕಂಬಗಳ ನಡುವೆ ಸೇರಿ ರಾಜ್ಯವನ್ನು ಗವರ್ನರ್ ಬ್ರೌನ್‌ರಿಗ್ ಕೈಗೆ ಒಪ್ಪಿಸಿದರು. ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಬ್ರಿಟಿಷ್ ಬಾವುಟ ಏರಿಸಿದಾಗ ವಾರಿಯಪೊಲದ ಸುಮಂಗಲ ಥೇರರು ಅದನ್ನು ಕೆಳಗೆಳೆದು ತುಳಿದರು ಎಂದು ಜನ ಹೇಳುತ್ತಾರೆ. ಆ ಭಿಕ್ಷು ಯಾರು ಎಂಬ ಬಗ್ಗೆ ವಾದವಿದೆ. ಕ್ಯಾಂಡಿಯ ಆಟೊದವರಿಗೆ ಮಾತ್ರ ಯಾವ ಅನುಮಾನವೂ ಇಲ್ಲ.

ಸೋತ ಅರಸ ಶ್ರೀ ವಿಕ್ರಮ ರಾಜಸಿಂಹ. ಹುಟ್ಟು ಹೆಸರು ಕನ್ನಸಾಮಿ. 1739ರಿಂದ ಕ್ಯಾಂಡಿಯನ್ನಾಳಿದ ನಾಯಕ್ಕರ್ ಮನೆತನದವನು, ಮದುರೆಯ ಕಡೆಯ ಬೇರು. ಇಂದು ಸಿಂಹಳ ಜನರ ಗುರುತು ಎಂದು ಎಲ್ಲರೂ ಹೇಳುವ ಸಿಂಹಧ್ವಜ ಬ್ರಿಟಿಷರ ಕೈಗೆ ಸಿಕ್ಕಿದ್ದು ಈ ಅರಸನ ಧ್ವಜವಾಗಿ. ಬಾವುಟವನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ಗೈಡ್‌ಗಳು ಇದನ್ನು ಒಂದೇ ಉಸಿರಿನಲ್ಲಿ ಹೇಳಿ ದಾಟಿಸಿಬಿಡುತ್ತಾರೆ.

ಧ್ವಜವನ್ನು ಲಂಡನ್ನಿಗೆ ಒಯ್ದು ಚೆಲ್ಸಿಯ ರಾಯಲ್ ಆಸ್ಪತ್ರೆಯಲ್ಲಿ ಗೆದ್ದ ಬಾವುಟಗಳ ಸಾಲಿನಲ್ಲಿ ತೂಗುಹಾಕಿದರು. ನೂರು ವರ್ಷ ಇಲ್ಲಿ ಅದರ ರೂಪ ಹೇಗಿತ್ತೆಂದು ಖಚಿತವಾಗಿ ಹೇಳುವವರೇ ಇರಲಿಲ್ಲ. ಲಂಕೆಯ ಸ್ವಾತಂತ್ರ್ಯ ಹೋರಾಟಗಾರ ಇ. ಡಬ್ಲ್ಯೂ. ಪೆರೇರಾ ಅದನ್ನು ಅಲ್ಲಿ ಗುರುತಿಸಿದರು. ಡಿ. ಆರ್. ವಿಜೇವರ್ಧನರ 'ದಿನಮಿಣ' ಪತ್ರಿಕೆ 1915ರಲ್ಲಿ, ರಾಜ್ಯ ಹೋಗಿ ನೂರು ವರ್ಷ ತುಂಬಿದಾಗ, ಅದರ ಚಿತ್ರ ಅಚ್ಚು ಹಾಕಿತು.

ರಾತ್ರಿ ಊಟಕ್ಕೆ ಕೆರೆಯ ಹಿಂದಿನ ರಸ್ತೆಯ ಸಣ್ಣ ಹೋಟೆಲಿನಲ್ಲಿ ಆಪ್ಪ, ಪೊಲ್ ಸಂಬೊಲ್, ಬೇಳೆ ಸಾರು. ಕಾಯಿತುರಿಗೆ ಒಣಮೆಣಸು, ಈರುಳ್ಳಿ, ನಿಂಬೆ ಹಾಕಿ ಅರೆದ ಸಂಬೊಲ್‌ನಲ್ಲಿ ಒಣಮೀನಿನ ಪುಡಿ ಬೆರೆತಿರುತ್ತದೆ. ಬೇಡದವರು 'ಉಂಬಲಕಡ ಎಪಾ' ಅನ್ನಬೇಕು. ಅಷ್ಟು ಹೇಳಿದರೆ ಬೇರೆ ಅರೆದು ತರುತ್ತಾರೆ, ಮುಖ ಸಿಂಡರಿಸುವುದಿಲ್ಲ.

ಮೂರನೆಯ ದಿನ: ಎಂಬೆಕ್ಕೆ, ದಂಬುಲ್ಲ

ಕ್ಯಾಂಡಿ ಬಿಡುವ ಮುನ್ನ ಎಂಬೆಕ್ಕೆ ದೇವಾಲೆಗೆ ಒಂದು ಸುತ್ತು. 14ನೇ ಶತಮಾನದ ಗುಡಿ, ಮುಂದೆ ಡೋಲು ಬಾರಿಸುವವರ ಮರದ ಮಂಟಪ. ಕಂಬದ ಚೌಕಗಳಲ್ಲಿ ಕುಸ್ತಿಪಟುಗಳು, ಕುಣಿಯುವ ಹೆಂಗಸರು, ಕೊರಳು ಹೆಣೆದ ಹಂಸಗಳು. ಅವುಗಳ ನಡುವೆ ಎರಡು ತಲೆಯ ಹಕ್ಕಿ, ಭೇರುಂಡ. ಕೆಳದಿಯ, ಮೈಸೂರಿನ ಗಂಡಭೇರುಂಡ ಕಂಡು ಬೆಳೆದವರಿಗೆ ಗುರುತು ಹಿಡಿಯಲು ಗೈಡ್ ಬೇಕಾಗಿಲ್ಲ. ತಲೆಯೆತ್ತಿ ಮಾಡು ನೋಡುವುದನ್ನು ಮರೆಯಬೇಡಿ. ಒಂದು ತುದಿಯಲ್ಲಿ 26 ಜಂತಿಗಳು ಬಂದು ಸೇರುವ ಕಡೆ ಅವನ್ನೆಲ್ಲ ಒಂದೇ ಮರದ ಗೂಟ ಹಿಡಿದಿದೆ. ಮೊಳೆ ಇಲ್ಲ.

ಸಿಂಹ ಒಂದೇ ಈ ನಾಡಿನ ಧ್ವಜವಾಗಿರಲಿಲ್ಲ ಎಂಬುದು ಕ್ಯಾಂಡಿಯ ಸುತ್ತಮುತ್ತ ತಿಳಿಯುತ್ತದೆ. ಪ್ರಾಂತಕ್ಕೊಂದು ಬಾವುಟ ಇತ್ತು. ಸಿಂಹ 'ಏಳು ಕೋರಳೆ' ಎಂಬ ಪ್ರಾಂತದ್ದೂ ಹೌದು, 'ನಾಲ್ಕು ಕೋರಳೆ' ಪ್ರಾಂತದವರದು ಸೂರ್ಯ–ಚಂದ್ರರ ಬಾವುಟ. ಆಷಾಢದ ಪೆರಹೆರ ಮೆರವಣಿಗೆಯಲ್ಲಿ ಚಾಟಿ ಹೊಡೆಯುವವರ ಹಿಂದೆ ಬಾವುಟ ಹಿಡಿದವರ ಸಾಲು ಬರುತ್ತದೆ. ಜುಲೈ–ಆಗಸ್ಟ್‌ನಲ್ಲಿ ಬರುವವರು ಆ ಸಾಲನ್ನು ಆನೆಗಳಿಗಿಂತ ಮೊದಲೇ ಗಮನಿಸಬೇಕು, ಬೇಗ ದಾಟಿಹೋಗುತ್ತದೆ.

ದಂಬುಲ್ಲದ ಗುಹೆಗಳಿಗೆ ಹೋಗುವಾಗ ಚಪ್ಪಲಿ ಬಾಗಿಲ ಹೊರಗೇ ಬಿಡಬೇಕು, ಬಂಡೆ ಕಾದಿರುತ್ತದೆ. ಎರಡನೆಯ ಗುಹೆಯ ಗೋಡೆಯಲ್ಲಿ ಸಿಂಹಳ ಅರಸ ದುಟ್ಟಗಾಮಣಿ ಮತ್ತು ತಮಿಳು ಅರಸ ಎಳಾರರ ಕಾಳಗದ ಚಿತ್ರವಿದೆ. ಸಿಂಹದ ಬಾವುಟ ಎಷ್ಟು ಹಳೆಯದು ಎಂದು ವಾದಿಸುವವರು ಬೆರಳು ತೋರಿಸುವುದು ಇದರ ಕಡೆಗೆ. ಗುಹೆಗಳು ಕ್ರಿಸ್ತಪೂರ್ವದವು, ಈಗ ಕಾಣುವ ಬಣ್ಣ ಬಹುಪಾಲು 18ನೇ ಶತಮಾನದ್ದು ಎಂಬುದನ್ನು ನೆನಪಿಟ್ಟುಕೊಂಡು ನೋಡುವುದು ಒಳ್ಳೆಯದು.

ನಾಲ್ಕನೆಯ ದಿನ: ಸಿಗಿರಿಯ, ನಾಗಸಂಪಿಗೆಯ ಕಾಡು

ಸಿಗಿರಿಯಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಬಿಸಿಲಿನ ಕಾರಣ ಎಲ್ಲರೂ ಹೇಳುತ್ತಾರೆ. ಇನ್ನೊಂದು ಕಾರಣ ಕಣಜ. ಬಂಡೆಯ ಮೇಲ್ಭಾಗದಲ್ಲಿ ದೊಡ್ಡ ಗೂಡುಗಳಿವೆ, ಗಲಾಟೆಯಾದರೆ ಏಳುತ್ತವೆ. 'ಸದ್ದು ಮಾಡಬೇಡಿ' ಎಂಬ ಫಲಕಗಳು ಅದಕ್ಕೇ. ಆ ಬೆಳಿಗ್ಗೆಯೂ ಸಿಂಹಪಾದದ ಹತ್ತಿರ ಎಲ್ಲರನ್ನೂ ಇಪ್ಪತ್ತು ನಿಮಿಷ ತಡೆದು ನಿಲ್ಲಿಸಿದರು. ನಿಂತದ್ದರಿಂದ ನಷ್ಟವೇನಿಲ್ಲ. ಐದನೇ ಶತಮಾನದ ಅರಸ ಕಾಶ್ಯಪ ಬಂಡೆಗೆ ಕಟ್ಟಿಸಿದ ಸಿಂಹದಲ್ಲಿ ಉಳಿದಿರುವುದು ಮುಂಗಾಲುಗಳು ಮಾತ್ರ. ಹತ್ತಿರ ನಿಂತು ನೋಡಿದರೆ ಇಟ್ಟಿಗೆಯ ಮೇಲೆ ಗಾರೆ ಮೆತ್ತಿ ಉಗುರುಗಳನ್ನು ಮಾಡಿದ್ದು ಗೊತ್ತಾಗುತ್ತದೆ.

ಕೆಳಗಿನ ಚಿತ್ರಗಳ ಹೆಂಗಸರ ಕೈಯಲ್ಲಿ ಹೂಗಳಿವೆ. ಅದರಲ್ಲಿ ನೀಲಿ ನೈದಿಲೆ, ಇಲ್ಲಿಯವರ ನಿಲ್ ಮಾನೆಲ್, 1986ರಿಂದ ರಾಷ್ಟ್ರೀಯ ಹೂವು. ಅಲ್ಲಿ ಫೋಟೊ ತೆಗೆಯುವಂತಿಲ್ಲ. ನಿಜವಾದ ಹೂ ನೋಡಲು ಬೆಳಿಗ್ಗೆಯೇ ಕೆರೆದಂಡೆಗೆ ಹೋಗಬೇಕು, ಮಧ್ಯಾಹ್ನ ದಾಟಿದರೆ ಮುಚ್ಚಿಕೊಳ್ಳುತ್ತದೆ. ಆ ದಾರಿಯಲ್ಲೇ ರಾಷ್ಟ್ರೀಯ ಹಕ್ಕಿಯೂ ಸಿಕ್ಕಿತು. ಲಂಕೆಯ ಕಾಡುಹುಂಜ ಈ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲ. ಪಶ್ಚಿಮಘಟ್ಟದ ನಮ್ಮ ಕಾಡುಕೋಳಿ ಬೂದು, ಇದರ ಎದೆ ಬೆಂಕಿಯ ಕಿತ್ತಳೆ. ಗುರುತು ಹಿಡಿಯಲು ಜುಟ್ಟು ನೋಡಿ, ಕೆಂಪು ಜುಟ್ಟಿನ ನಡುವೆ ಹಳದಿ ಮಚ್ಚೆ. ಗಾಡಿಯ ಎಂಜಿನ್ ಆರಿಸಿ ಒಳಗೇ ಕೂತಿದ್ದರೆ ರಸ್ತೆಯಂಚಿನಲ್ಲಿ ಕೆದಕುತ್ತಾ ಹತ್ತಿರಕ್ಕೇ ಬರುತ್ತದೆ, ಬಾಗಿಲು ತೆಗೆದ ಸದ್ದಿಗೆ ಮಾಯ.

ಮಧ್ಯಾಹ್ನ ನಾಮಲ್ ಉಯನ. ಗುಲಾಬಿ ಬಣ್ಣದ ಸ್ಫಟಿಕ ಶಿಲೆಯ ಗುಡ್ಡದ ಬುಡದಲ್ಲಿ ನಾಗಸಂಪಿಗೆಯ ಕಾಡು. ಲಂಕೆಯವರು 'ನಾ' ಅನ್ನುವ ಈ ಮರವೇ ರಾಷ್ಟ್ರೀಯ ವೃಕ್ಷ. ಹೂ ಬಿಟ್ಟಿರಲಿಲ್ಲ, ಆದರೆ ಚಿಗುರು ಇತ್ತು. ಎಳೆ ಎಲೆಗಳು ಕೆಂಪಾಗಿ ಜೋಲುಬಿದ್ದು, ಬಲಿತಂತೆ ಹಸಿರಾಗುತ್ತವೆ. ಮಲೆನಾಡಿನ ಗುಡಿಗಳ ಮುಂದೆ ಒಂಟಿ ಮರ ನೋಡಿದವರಿಗೆ ಕಾಡಿಗೆ ಕಾಡೇ ಅದಾಗಿರುವುದನ್ನು ನೋಡುವುದು ಬೇರೆಯೇ. ಮರ ಎಷ್ಟು ಗಟ್ಟಿ ಎಂದರೆ ತುಂಡು ನೀರಿನಲ್ಲಿ ಮುಳುಗುತ್ತದೆ. ಸ್ಫಟಿಕದ ಚೂರನ್ನು ಯಾರೂ ಜೇಬಿಗೆ ಹಾಕಿಕೊಳ್ಳಬಾರದು.

ಐದನೆಯ ದಿನ: ಅನುರಾಧಪುರ

ಬಾವುಟದ ನಾಲ್ಕು ಮೂಲೆಯ ಎಲೆಗಳು ಬಂದದ್ದು ಇಲ್ಲಿಂದ ಅನ್ನಬಹುದು. ಅಶೋಕನ ಮಗಳು ಸಂಘಮಿತ್ತೆ ಬುದ್ಧಗಯೆಯಿಂದ ತಂದ ಕೊಂಬೆ ಬೆಳೆದು ನಿಂತ ಜಯ ಶ್ರೀ ಮಹಾಬೋಧಿ, ಕ್ರಿಸ್ತಪೂರ್ವ ಮೂರನೇ ಶತಮಾನದಿಂದ ಇದೆ ಎಂದು ಚರಿತ್ರೆ ಹೇಳುತ್ತದೆ. ಮೊದಲ ಸಲ ನೋಡುವವರಿಗೆ ಅಚ್ಚರಿ, ಏಕೆಂದರೆ ಮರ ದೊಡ್ಡದಲ್ಲ. ಎತ್ತರದ ಜಗಲಿಯ ಮೇಲೆ, ಚಿನ್ನದ ಬಣ್ಣದ ಊರುಗೋಲುಗಳ ಆಸರೆಯಲ್ಲಿ ಒಂದು ತೆಳು ಕೊಂಬೆ. ಸುತ್ತ ಎದ್ದು ನಿಂತಿರುವ ದೊಡ್ಡ ಅರಳಿಗಳು ಬೇರೆ. ಬಿಳಿ ಬಟ್ಟೆ ಹಾಕಿ ಹೋಗಿ. ಮರಳು ಸುಡುವುದರಿಂದ ಸಾಕ್ಸ್ ಇಟ್ಟುಕೊಳ್ಳಿ. ಬಾಗಿಲ ಹೊರಗೆ ಹೂ ಮಾರುವ ಅಕ್ಕಂದಿರು ಮೊಗ್ಗಿನ ದಳಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚಿ ಅರಳಿಸಿ ಕೊಡುತ್ತಾರೆ.

1948ರ ಬಾವುಟದ ಮೂಲೆಗಳಲ್ಲಿ ಈ ಎಲೆಗಳಿರಲಿಲ್ಲ, ಈಟಿಯ ಮೊನೆಯಂಥ ಆಕೃತಿಗಳಿದ್ದವು. ದೇಶ ಗಣರಾಜ್ಯವಾದ 1972ರಲ್ಲಿ ಅವು ಅರಳಿ ಎಲೆಗಳಾದವು. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂದು ಒಂದೊಂದಕ್ಕೆ ಒಂದು ಅರ್ಥ. ಲಾಂಛನವೂ ಆ ವರ್ಷದ್ದೇ. ಅದರ ಭಾಗಗಳನ್ನು ಈ ಊರಿನಲ್ಲೇ ಬಿಡಿಬಿಡಿಯಾಗಿ ನೋಡಬಹುದು. ತುದಿಯಲ್ಲಿ ಧರ್ಮಚಕ್ರ, ನಡುವೆ ಸಿಂಹದ ಸುತ್ತ ನೈದಿಲೆ ದಳಗಳು, ಬುಡದಲ್ಲಿ ಭತ್ತದ ತೆನೆ ಚಿಮ್ಮುವ ಪೂರ್ಣಕುಂಭ, ಅದರ ಎರಡು ಬದಿಗೆ ಸೂರ್ಯ–ಚಂದ್ರ. ಹಳೆಯ ವಿಹಾರಗಳ ಮೆಟ್ಟಿಲ ಪಕ್ಕದ ಕಾವಲುಗಲ್ಲುಗಳಲ್ಲಿ ಇದೇ ಕುಂಭ ಕೆತ್ತಿದ್ದಾರೆ. ಲಾಂಛನವಿರುವ ನಾಣ್ಯವನ್ನು ಕೈಯಲ್ಲಿ ಹಿಡಿದು ಹೋಲಿಸಿ ನೋಡಿ.

ಆರನೆಯ ದಿನ: ಮಟ್ಟಕ್ಕಳಪ್ಪಿಗೆ

ಪ್ರವಾಸಿಗಳು ಸಾಮಾನ್ಯವಾಗಿ ಇಲ್ಲಿಂದ ದಕ್ಷಿಣದ ಕಡಲತೀರಕ್ಕೆ ತಿರುಗುತ್ತಾರೆ. ಬಾವುಟದ ಹಿಂದೆ ಹೊರಟವರು ಪೂರ್ವ ಕರಾವಳಿಯ ಮಟ್ಟಕ್ಕಳಪ್ಪಿಗೆ (ಬ್ಯಾಟಿಕಲೋವಾ) ಹೋಗಬೇಕು. ಹಬರಣ, ಪೊಲೊನ್ನರುವ ದಾಟಿ ಮನಂಪಿಟಿಯದಲ್ಲಿ ಮಹಾವೇಲಿ ಹೊಳೆ ದಾಟಿದ ಮೇಲೆ ಅಂಗಡಿ ಫಲಕಗಳಲ್ಲಿ ತಮಿಳು ಮೇಲಕ್ಕೆ ಬರುತ್ತದೆ. ಹಬರಣದಿಂದ ಮಿನ್ನೇರಿಯವರೆಗೆ ಕತ್ತಲಾದ ಮೇಲೆ ಆನೆಗಳು ರಸ್ತೆಗಿಳಿಯುತ್ತವೆ, ಹಗಲಲ್ಲೇ ದಾಟಿ. ಪೂರ್ವದಲ್ಲಿ ಈಗ ಈಶಾನ್ಯ ಮಾರುತದ ಮಳೆಯ ಬಾಲ. ವಾಳೈಚ್ಚೇನೆ ಹತ್ತಿರ ಆಕಾಶವೇ ಹರಿದಂತೆ ಸುರಿದು, ವೈಪರ್ ಒಂದು ಕಿತ್ತುಬಂತು. ಡ್ರೈವರ್ ಮಲ್ಲಿ (ಸಿಂಹಳದಲ್ಲಿ 'ತಮ್ಮ') ಅಂಗಿಯ ತೋಳಿನಿಂದ ಗಾಜು ಒರೆಸುತ್ತಾ ಮುಂದಿನ ಪೆಟ್ರೋಲ್ ಬಂಕ್‌ವರೆಗೆ ತಂದು ನಿಲ್ಲಿಸಿದ.

ಕಾಯುತ್ತಾ ಕೂತವರಿಗೆ ಎದುರಿನ ಅಂಗಡಿಯಲ್ಲಿ ಎಮ್ಮೆ ಮೊಸರು. ಮಣ್ಣಿನ ಮಡಕೆಯಲ್ಲೇ ಹೆಪ್ಪು ಹಾಕಿದ್ದು, ಚಮಚ ನಿಲ್ಲುವಷ್ಟು ಗಟ್ಟಿ. ಮೇಲೆ ಬೈನೆ ಮರದ ಕಿತುಲ್ ಬೆಲ್ಲದ ಪಾಕ. ಪಾಕ ಕೊಳ್ಳುವಾಗ ಸೀಸೆಯನ್ನು ಓರೆ ಮಾಡಿ. ಸಕ್ಕರೆ ಬೆರೆತದ್ದು ತಳದಲ್ಲಿ ಹರಳುಗಟ್ಟಿರುತ್ತದೆ, ಅಪ್ಪಟವಾದದ್ದಕ್ಕೆ ಹೊಗೆಯ ವಾಸನೆ ಇರುತ್ತದೆ.

ಸಂಜೆ ಕಾತ್ತಾನ್‌ಕುಡಿ. ಮಟ್ಟಕ್ಕಳಪ್ಪಿಗೆ ಅಂಟಿಕೊಂಡಿರುವ ಮುಸ್ಲಿಂ ಊರು. ಮುಖ್ಯರಸ್ತೆಯ ನಡುವೆ ಸಾಲಾಗಿ ಖರ್ಜೂರದ ಮರಗಳು. ಬೇಕರಿಯ ಬೆಂಚಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಶುಂಠಿ ಹಾಕಿದ ಪ್ಲೇನ್ ಟೀ ಕುಡಿಯುತ್ತಿದ್ದರು. ಬಾವುಟದ ಮಾತು ತೆಗೆದದ್ದೇ ತಡ, "ಈ ಬಾವುಟ ಬೇಕು ಅಂತ ಸಭೆಯಲ್ಲಿ ಎದ್ದು ಕೇಳಿದವರು ಯಾರು ಗೊತ್ತಾ ತಂಬಿ? ನಮ್ಮ ಮಟ್ಟಕ್ಕಳಪ್ಪಿನವರು" ಅಂದರು.

ಅವರ ಮಾತು ನಿಜ. 1948ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಇನ್ನು ಕೆಲವೇ ವಾರ ಇರುವಾಗ, ಕ್ಯಾಂಡಿಯ ಕೊನೆಯ ಅರಸನ ಸಿಂಹಧ್ವಜವೇ ಸ್ವತಂತ್ರ ಲಂಕೆಯ ಬಾವುಟವಾಗಲಿ ಎಂದು ಸಂಸತ್ತಿನಲ್ಲಿ ಸೂಚಿಸಿದವರು ಮುದಲಿಯಾರ್ ಎ. ಸಿನ್ನಲೆಬ್ಬೆ, ಮಟ್ಟಕ್ಕಳಪ್ಪು ಕ್ಷೇತ್ರದ ಮುಸ್ಲಿಂ ಸದಸ್ಯರು. ಫೆಬ್ರವರಿ 4ರಂದು ಹಾರಿದ್ದು ಪಟ್ಟಿಗಳಿಲ್ಲದ ಆ ಸಿಂಹಧ್ವಜ. ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಎಸ್. ಡಬ್ಲ್ಯೂ. ಆರ್. ಡಿ. ಬಂಡಾರನಾಯಕೆಯವರ ಅಧ್ಯಕ್ಷತೆಯಲ್ಲಿ ಸಮಿತಿ ಕೂತಿತು. ಅದರಲ್ಲಿ ಜೆ. ಆರ್. ಜಯವರ್ಧನೆ, ಟಿ. ಬಿ. ಜಾಯಾ, ಜಿ. ಜಿ. ಪೊನ್ನಂಬಲಂ, ಎಸ್. ನಡೇಸನ್ ಮೊದಲಾದವರಿದ್ದರು. ತಮಿಳರಿಗೆ ಕಿತ್ತಳೆ, ಮುಸ್ಲಿಮರಿಗೆ ಹಸಿರು ಎಂದು ಎರಡು ಪಟ್ಟಿ ಸೇರಿಸಲು ತೀರ್ಮಾನವಾಯಿತು. ಸೆನೆಟರ್ ನಡೇಸನ್ ಒಪ್ಪದೆ ಭಿನ್ನಮತ ಬರೆದರು. ಹೊಸ ಬಾವುಟ 1951ರ ಮಾರ್ಚ್‌ನಲ್ಲಿ ಹಾರಿತು.

ಬಾವುಟವನ್ನು ಮತ್ತೊಮ್ಮೆ ನೋಡಿದರೆ ತಕರಾರು ಎಲ್ಲಿದೆ ಎಂದು ಕಣ್ಣಿಗೇ ಕಾಣುತ್ತದೆ. ಹಳದಿ ಅಂಚು ಇಡೀ ಬಾವುಟವನ್ನು ಸುತ್ತಿ ಒಂದು ಮಾಡುತ್ತದೆ, ಆದರೆ ಅದೇ ಹಳದಿ ನಡುವೆಯೂ ಇಳಿದು ಪಟ್ಟಿಗಳನ್ನೂ ಸಿಂಹವನ್ನೂ ಬೇರೆ ಬೇರೆ ಚೌಕಟ್ಟಿನಲ್ಲಿ ಕೂರಿಸುತ್ತದೆ. ಪಟ್ಟಿಗಳನ್ನು ಹೊರಗಿಟ್ಟರು ಎಂದು ಕೆಲವರು, ಕಂಬಕ್ಕೆ ಹತ್ತಿರದ ಗೌರವದ ಜಾಗ ಕೊಟ್ಟರು ಎಂದು ಕೆಲವರು. ಸಿಂಹ ಪಟ್ಟಿಗಳ ಕಡೆಗೆ ಕತ್ತಿ ಹಿಡಿದಿದೆ ಎನ್ನುವವರೂ ಇದ್ದಾರೆ. ಮೇಷ್ಟ್ರು ಇವೆಲ್ಲವನ್ನೂ ಬಲ್ಲರು. "ಬಾವುಟ ಹರಿಯುವುದು ಹಾರುವ ತುದಿಯಿಂದ, ಅದನ್ನು ಹಿಡಿದು ನಿಲ್ಲಿಸುವುದು ಕಂಬದ ಬದಿ. ಆ ಬದಿ ನಮ್ಮದು. ಪಟ್ಟಿ ಇಲ್ಲದ ಬಾವುಟ ಹಿಡಿದು ಯಾರಾದರೂ ಬಂದರೆ ಇದು ದೇಶದ್ದಲ್ಲ ಅಂತ ಹೇಳಿ ಕಳಿಸುತ್ತೇವೆ" ಅಂದರು. ಕಾನೂನು ಅವರ ಕಡೆಗಿದೆ. ಸಂವಿಧಾನದ ಆರನೆಯ ವಿಧಿ ರಾಷ್ಟ್ರಧ್ವಜವೆಂದು ಹೇಳುವುದು ಎರಡನೆಯ ಅನುಸೂಚಿಯಲ್ಲಿ ಚಿತ್ರಿಸಿದ, ಪಟ್ಟಿಗಳಿರುವ ಸಿಂಹಧ್ವಜವನ್ನು. ಹಾಗಾಗಿ ಅಂಗಡಿಯಲ್ಲಿ ಬಾವುಟ ಕೊಳ್ಳುವವರು ಪಟ್ಟಿಗಳನ್ನು ನೋಡಿಯೇ ಕೊಳ್ಳಬೇಕು.

ಏಳನೆಯ ದಿನ: ಫೆಬ್ರವರಿ 4

ರಾತ್ರಿಯಿಡೀ ಸುರಿದ ಮಳೆ ಬೆಳಿಗ್ಗೆ ತೆಳುವಾಯಿತು. ಹಿನ್ನೀರಿನ ದಂಡೆಯ ಕಚೇರಿಯೊಂದರ ಅಂಗಳದಲ್ಲಿ ಧ್ವಜಾರೋಹಣ. ಪೆಟ್ಟಾದಲ್ಲಿ ಕೇಳಿದ ಎಚ್ಚರಿಕೆಗಳೆಲ್ಲ ಇಲ್ಲಿ ಕಣ್ಣೆದುರು ನಡೆದವು. ಹತ್ತಿಯ ಬಾವುಟ ಒದ್ದೆಯಾಗಿ ಕಂಬಕ್ಕೆ ಸುತ್ತಿಕೊಂಡಿತು, ಗಾಳಿ ಬಂದರೂ ಬಿಚ್ಚಿಕೊಳ್ಳಲಿಲ್ಲ. ಮೂಲೆಯಲ್ಲಿ ಮೆರೂನ್ ಸೋರಿ ಒಂದು ಎಲೆ ಅರ್ಧ ಗುಲಾಬಿಯಾಗಿತ್ತು. ಪಕ್ಕದ ಶಾಲೆಯ ನೈಲಾನ್ ಬಾವುಟ ಮಾತ್ರ ಎರಡು ಸಲ ಕೊಡವಿಕೊಂಡು ಹಾರತೊಡಗಿತು. ಮಳೆಯ ಸೀಮೆಗೆ ನೈಲಾನೇ ಸರಿ, ಒಳಾಂಗಣಕ್ಕೆ ಹತ್ತಿ.

ಮಕ್ಕಳು ರಾಷ್ಟ್ರಗೀತೆಯನ್ನು ತಮಿಳಿನಲ್ಲಿ ಹಾಡಿದರು. ಶಾಂತಿನಿಕೇತನದಲ್ಲಿ ಕಲಿತು ಬಂದ ಆನಂದ ಸಮರಕೂನ್ 1940ರಲ್ಲಿ ಸಿಂಹಳದಲ್ಲಿ ಕಟ್ಟಿದ ಗೀತೆ, 1951ರಲ್ಲಿ ಅಂಗೀಕಾರವಾಯಿತು. ತಮಿಳಿಗೆ ತಂದವರು ಎಂ. ನಲ್ಲತಂಬಿ. ರಾಗ ಒಂದೇ, ಹಾಗಾಗಿ ಸಿಂಹಳ ಮಾತ್ರ ಬಲ್ಲ ನಮ್ಮ ಡ್ರೈವರ್ ಮಲ್ಲಿ ತನ್ನ ಮಾತಿನಲ್ಲಿ, ಸುತ್ತಲಿನವರು ತಮ್ಮ ಮಾತಿನಲ್ಲಿ, ಜೊತೆಗೇ ಹಾಡಿ ಜೊತೆಗೇ ಮುಗಿಸಿದರು. ಕೊಲಂಬೊದ ಅಧಿಕೃತ ಸಮಾರಂಭದಲ್ಲಿ ತಮಿಳಿನ ಗೀತೆ 2016ರಲ್ಲಿ ಕೇಳಿಬಂತು, 2020ರಲ್ಲಿ ಕೈಬಿಟ್ಟರು. ಅದು ಪ್ರತಿ ವರ್ಷವೂ ಇರಬೇಕಿತ್ತು. ಗೀತೆ ಮುಗಿದ ಮೇಲೆ ಬಾಳೆಲೆಯಲ್ಲಿ ಕಿರಿಬತ್, ತೆಂಗಿನಹಾಲಿನಲ್ಲಿ ಬೇಯಿಸಿ ಚೌಕ ಕತ್ತರಿಸಿದ ಅನ್ನ, ಪಕ್ಕದಲ್ಲಿ ಖಾರದ ಸಂಬೊಲ್.

ಮರಳಿದ ಮೇಲೆ: ವೆಲ್ಲೂರು

ಈ ಪ್ರಯಾಣಕ್ಕೆ ಇನ್ನೊಂದು ನಿಲ್ದಾಣ ಉಳಿದಿದೆ, ಅದು ಬೆಂಗಳೂರಿನಿಂದ ಒಂದು ಬೆಳಗಿನ ದಾರಿ. ಸೆರೆಸಿಕ್ಕ ಶ್ರೀ ವಿಕ್ರಮ ರಾಜಸಿಂಹನನ್ನು 1816ರಲ್ಲಿ ವೆಲ್ಲೂರು ಕೋಟೆಗೆ ತಂದಿಟ್ಟರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದೂ ಇದೇ ಕೋಟೆಯಲ್ಲಿ. 1806ರ ಸಿಪಾಯಿ ದಂಗೆಯ ನಂತರ ಅವರನ್ನು ಕಲ್ಕತ್ತೆಗೆ ಸಾಗಿಸಿದ್ದರು. ಕೋಟೆಯೊಳಗೆ ಟಿಪ್ಪು ಮಹಲ್, ಹೈದರ್ ಮಹಲ್‌ಗಳ ಸಾಲಿನಲ್ಲೇ ಕಂಡಿ ಮಹಲ್ ಇದೆ. ಅರಸ 1832ರ ಜನವರಿ 30ರಂದು ತೀರಿಕೊಂಡ. ಸಮಾಧಿ ಪಾಲಾರ್ ನದಿಯ ದಂಡೆಯಲ್ಲಿದೆ, ತಮಿಳುನಾಡು ಸರ್ಕಾರ ಸುತ್ತ ಮಂಟಪ ಕಟ್ಟಿಸಿದೆ. ಆಟೊದವರಿಗೆ ಅರಸನ ಹೆಸರು ಹೇಳಿದರೆ ತಿಳಿಯುವುದಿಲ್ಲ, 'ಮುತ್ತು ಮಂಟಪ' ಅನ್ನಬೇಕು.

ಹೋಗುವವರು ಬೆಳಿಗ್ಗೆ ಬೇಗ ಹೊರಟು ಕೋಟೆಯನ್ನು ಬಿಸಿಲೇರುವ ಮೊದಲು ಮುಗಿಸಿಕೊಳ್ಳಿ, ಆಮೇಲೆ ಮಂಟಪ. ವಾಪಸ್ ಬರುವಾಗ ಆಂಬೂರಿನಲ್ಲಿ ಬಿರಿಯಾನಿಗೆ ನಿಂತರೂ ಸಂಜೆಯೊಳಗೆ ಬೆಂಗಳೂರು ಸೇರಬಹುದು.